ಅಮಲು ಇಳಿದರೂ ಕಣ್ಣಿನ ಕಾಟ ಇಳಿಯಲಿಲ್ಲ

ಇದು ಇಪ್ಪತ್ತು ದಾಟಿದ ಒಬ್ಬ ವಿದ್ಯಾರ್ಥಿಯ ಪ್ರಕರಣ. ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವನ ಒಪ್ಪಿಗೆ ಇದೆ. ‘ನನ್ನ ಹಾಗೇ ಯಾರಿಗೂ ಹೇಳದೆ ಒದ್ದಾಡ್ತಾ ಇರೋರು ಇರ್ತಾರೆ, ಅವರಿಗೂ ಗೊತ್ತಾಗಲಿ’ ಎಂದು ಅವನೇ ಹೇಳಿದ.

ಸಲಹೆ ಕೇಳಲು ನನ್ನ ಹತ್ತಿರ ಬರುವ ಎರಡು ತಿಂಗಳ ಹಿಂದೆ ಅವನು ಗೆಳೆಯರ ಜೊತೆ ಸೇರಿ ಒಂದು ಕಾಗದದ ಚೂರನ್ನು ನಾಲಿಗೆ ಮೇಲೆ ಇಟ್ಟುಕೊಂಡಿದ್ದ. ಎಲ್‌ಎಸ್‌ಡಿ ಎಂಬ ಭ್ರಮೆ ತರುವ ಡ್ರಗ್ ಎಂದು ಹೇಳಿ ಯಾರೋ ಕೊಟ್ಟದ್ದು. ಅದೇ ಮೊದಲು, ಮತ್ತೆ ಮುಟ್ಟಿಲ್ಲ. ಅಮಲು ಮಾರನೆಯ ದಿನ ಇಳಿಯಿತು. ಕಣ್ಣು ಮಾತ್ರ ಮೊದಲಿನ ಹಾಗೆ ಆಗಲಿಲ್ಲ. ಎಲ್ಲಿ ನೋಡಿದರೂ ಸಣ್ಣ ಸಣ್ಣ ಚುಕ್ಕೆಗಳು ಮಿನುಗುತ್ತವೆ. ಯಾರಾದರೂ ಕೈ ಬೀಸಿದರೆ ಆ ಕೈಯ ಹಿಂದೆ ಮಸುಕಾಗಿ ಇನ್ನೂ ನಾಲ್ಕು ಕೈ ಬರುತ್ತವೆ. ದೀಪದ ಸುತ್ತ ಬಣ್ಣದ ಉಂಗುರ. ಪುಸ್ತಕ ತೆರೆದರೆ ಅಕ್ಷರಗಳ ಅಂಚು ಹೊಳೆಯುತ್ತದೆ, ಸಾಲುಗಳು ನಿಧಾನಕ್ಕೆ ತೇಲುತ್ತವೆ. ಒಂದು ಪುಟ ಓದಿ ಮುಗಿಸುವಷ್ಟರಲ್ಲಿ ತಲೆನೋವು.

ಅವನಿಗೆ ಎರಡು ಭಯ ಇದ್ದವು. ಹುಚ್ಚು ಹಿಡಿಯುತ್ತಿದೆ ಎನ್ನುವುದು ಒಂದು. ಆ ಡ್ರಗ್ ಬೆನ್ನುಹುರಿಯಲ್ಲಿ ಹೋಗಿ ಕೂತಿದೆ, ಆಗಾಗ ಅಲ್ಲಿಂದ ಮಿದುಳಿಗೆ ಬರುತ್ತಿದೆ ಎನ್ನುವುದು ಇನ್ನೊಂದು. ಈ ಎರಡನೆಯದನ್ನು ಅವನು ಎಲ್ಲೋ ಓದಿ ಪೂರ್ತಿ ನಂಬಿದ್ದ.

ಕಣ್ಣಿನ ಮಾತಿಗೆ ಹೋಗುವ ಮೊದಲು ಆ ರಾತ್ರಿ ಮೈಗೆ ಏನೇನಾಯಿತು ಎಂದು ಬಿಡಿಸಿ ಕೇಳಿದೆ. ಇಂಥ ಪ್ರಕರಣಗಳಲ್ಲಿ ಕಂಡ ಬಣ್ಣಗಳ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಮೈಯ ಬಗ್ಗೆ ಯಾರೂ ಹೇಳುವುದಿಲ್ಲ. ಜೀವಕ್ಕೆ ಅಪಾಯ ಬರುವುದು ಮಾತ್ರ ಅಲ್ಲಿಂದಲೇ.

ಕಾಗದ ಬಾಯಿಗೆ ಇಟ್ಟ ಕೂಡಲೇ ಕಹಿ ಅನ್ನಿಸಿತಂತೆ. ನಾಲಿಗೆ, ತುಟಿ ಜೋಮು ಹಿಡಿದವು. ಸ್ವಲ್ಪ ಹೊತ್ತಿನಲ್ಲೇ ಎದೆ ಡವಡವ ಹೊಡೆದುಕೊಳ್ಳತೊಡಗಿತು. ದವಡೆ ಬಿಗಿದು ಹಲ್ಲು ಕಡಿಯುತ್ತಿದ್ದ. ಮೈಯೆಲ್ಲಾ ಕಾದಿತ್ತು, ಬೆರಳ ತುದಿ ಮಾತ್ರ ತಣ್ಣಗೆ, ಮರಗಟ್ಟಿದಂತೆ. ಕೈಕಾಲು ನಡುಗಿದವು. ಒಮ್ಮೆ ವಾಂತಿಯಾಯಿತು. ಆಮೇಲೆ ಗೋಡೆ ಉಸಿರಾಡುವಂತೆ ಉಬ್ಬಿ ಇಳಿಯತೊಡಗಿತು. ನೆಲದ ಮೇಲೆ ಜಾಲರಿ, ಸುರುಳಿ, ಸುರಂಗ. ಕಣ್ಣು ಮುಚ್ಚಿದರೆ ಇನ್ನೂ ಜಾಸ್ತಿ. ಕನ್ನಡಿ ನೋಡಿದಾಗ ಕಣ್ಣಿನ ಪಾಪೆ ಎಷ್ಟು ಹಿಗ್ಗಿತ್ತು ಎಂದರೆ, ಸುತ್ತಲಿನ ಕಂದು ಬಣ್ಣ ಒಂದು ಎಳೆಯಷ್ಟು ಉಳಿದಿತ್ತು. ಅದನ್ನು ನೋಡಿಯೇ ಅವನು ಬೆದರಿ ಹೊರಗೆ ಓಡಲು ಹೋದದ್ದು.

ಕಹಿ, ಜೋಮು ಎಂದಾಗಲೇ ನನಗೆ ಅನುಮಾನ ಬಂತು. ಎಲ್‌ಎಸ್‌ಡಿಗೆ ಹೇಳಿಕೊಳ್ಳುವಂಥ ರುಚಿ ಇಲ್ಲ. ಅದರ ಲೆಕ್ಕವೆಲ್ಲ ಮೈಕ್ರೋಗ್ರಾಂನಲ್ಲಿ. 1938ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಅದನ್ನು ಮೊದಲು ತಯಾರಿಸಿದ ಆಲ್ಬರ್ಟ್ ಹಾಫ್‌ಮನ್ 1943ರ ಏಪ್ರಿಲ್‌ನಲ್ಲಿ ತಾವೇ ಸೇವಿಸಿ ನೋಡಿದ್ದು 250 ಮೈಕ್ರೋಗ್ರಾಂ, ಅಂದರೆ ಒಂದು ಮಿಲಿಗ್ರಾಂನ ಕಾಲು ಭಾಗ. ಅಷ್ಟಕ್ಕೇ ಸಾಯುತ್ತೇನೆ ಎಂದು ಹೆದರಿ ಡಾಕ್ಟರನ್ನು ಕರೆಸಿಕೊಂಡಿದ್ದರು. ಇಷ್ಟು ಚಿಕ್ಕ ಪ್ರಮಾಣವನ್ನು ಕಾಗದದ ಮೇಲೆ ಕಣ್ಣಳತೆಯಲ್ಲಿ ತಿಳಿಯುವುದು ಯಾರಿಂದಲೂ ಆಗುವುದಿಲ್ಲ. ಕಾಗದದ ಮೇಲೆ ಏನಿದೆ ಎನ್ನುವುದೂ ಅಷ್ಟೇ. ಈಚಿನ ವರ್ಷಗಳಲ್ಲಿ ಎಲ್‌ಎಸ್‌ಡಿ ಹೆಸರಿನಲ್ಲಿ ಎನ್‌ಬೋಮ್ ಗುಂಪಿನ, ಭ್ರಮೆ ತರುವ ಕೃತಕ ರಾಸಾಯನಿಕಗಳನ್ನು ಮಾರಿದ್ದು ಬಹಳ ಕಡೆ ಸಿಕ್ಕಿದೆ. ಅವುಗಳಲ್ಲಿ ಹೆಚ್ಚು ಹೆಸರು ಕೇಳಿಬಂದದ್ದು 25ಐ-ಎನ್‌ಬೋಮ್. ಅದು 2003ರಲ್ಲಿ ಬರ್ಲಿನ್‌ನ ಒಂದು ಸಂಶೋಧನೆಯಲ್ಲಿ ಹುಟ್ಟಿದ್ದು. ಅದರ ರುಚಿ ಕಹಿ, ಬಾಯಿ ಜೋಮು ಹಿಡಿಸುತ್ತದೆ. ರಕ್ತನಾಳಗಳನ್ನು ಬಿಗಿಯುತ್ತದೆ, ರಕ್ತದೊತ್ತಡ ಏರಿಸುತ್ತದೆ. ಪ್ರಮಾಣ ಸ್ವಲ್ಪ ಹೆಚ್ಚಾದರೂ ಫಿಟ್ಸ್, ಇಳಿಯದ ಜ್ವರ, ಸ್ನಾಯುಗಳು ಒಡೆದು ಕಿಡ್ನಿಗೆ ಪೆಟ್ಟು, ಇವೆಲ್ಲ ಆಗಬಹುದು. ಸತ್ತವರೂ ಇದ್ದಾರೆ. 2015ರಲ್ಲಿ ವಿಶ್ವಸಂಸ್ಥೆ ಇದನ್ನು, ಮನಸ್ಸಿನ ಮೇಲೆ ಪರಿಣಾಮ ಬೀರುವ ಡ್ರಗ್ಗುಗಳ ಬಗೆಗಿನ 1971ರ ಒಪ್ಪಂದದ ಅತ್ಯಂತ ಬಿಗಿಯಾದ ಪಟ್ಟಿಗೆ ಸೇರಿಸಿತು.

ಹುಡುಗ ತಿಂದದ್ದು ಇದೇ ಎಂದು ಈಗ ಹೇಳಲು ಬರುವುದಿಲ್ಲ. ಕಾಗದ ಉಳಿದಿಲ್ಲ. ಆಸ್ಪತ್ರೆಯಲ್ಲಿ ಸಾಮಾನ್ಯವಾಗಿ ಮಾಡುವ ಮೂತ್ರ ಪರೀಕ್ಷೆಯಲ್ಲಿ ಇಂಥವು ಸಿಗುವುದೂ ಇಲ್ಲ. ಇದನ್ನು ಹೇಳಿದಾಗ ಅವನು ತಕ್ಷಣ, ‘ಹಾಗಾದ್ರೆ ಕಹಿ ಇಲ್ದಿದ್ರೆ ತೊಂದರೆ ಇಲ್ವಾ?’ ಎಂದ. ಹಾಗಲ್ಲ. ಕಹಿ ಇದ್ದರೆ ಅದು ಅಪಾಯದ ಸುಳಿವು. ಕಹಿ ಇಲ್ಲದಿರುವುದು ಯಾವ ಭರವಸೆಯೂ ಅಲ್ಲ.

ಈ ಪ್ರಕರಣದಲ್ಲಿ ನನ್ನನ್ನು ತುಂಬ ಹೆದರಿಸಿದ್ದು ಗೆಳೆಯರು ಮಾಡಿದ ಕೆಲಸ. ಓಡುತ್ತಿದ್ದವನನ್ನು ಕೆಡವಿ, ಇಬ್ಬರು ಮೇಲೆ ಕೂತು ಒತ್ತಿ ಹಿಡಿದಿದ್ದರು. ಬಾಗಿಲು ಹಾಕಿಕೊಂಡಿದ್ದರು. ಮನೆಯವರಿಗೆ ಗೊತ್ತಾಗುತ್ತದೆ, ಪೊಲೀಸರು ಬರುತ್ತಾರೆ ಎಂದು ಆಂಬುಲೆನ್ಸ್ ಕರೆಯಲಿಲ್ಲ. ಅವರು ಕೆಟ್ಟವರಲ್ಲ, ಗಾಬರಿಯಾಗಿದ್ದರು. ಆದರೆ ಮೈ ಕಾದಿರುವವನನ್ನು ಹಾಗೆ ಒತ್ತಿ ಹಿಡಿದರೆ ಅವನು ಇನ್ನೂ ಸೆಣಸುತ್ತಾನೆ, ಮೈ ಇನ್ನೂ ಕಾಯುತ್ತದೆ, ಸ್ನಾಯುಗಳಿಗೆ ಆಗುವ ಹಾನಿ ಹೆಚ್ಚುತ್ತದೆ. ಎದೆಯ ಮೇಲೆ ಕೂತರೆ ಉಸಿರೇ ನಿಲ್ಲಬಹುದು. ಅವನು ಬದುಕಿ ಉಳಿದದ್ದು ಅದೃಷ್ಟ ಎಂದೇ ನಾನು ತಿಳಿದಿದ್ದೇನೆ.

ಆ ಗೆಳೆಯರಲ್ಲಿ ಒಬ್ಬ ಆಮೇಲೆ ಅವನ ಜೊತೆ ಬಂದಿದ್ದ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ. ಬರೀ ಭಯ ಇದ್ದರೆ ಸದ್ದು, ಬೆಳಕು ಕಡಿಮೆ ಮಾಡಿ. ಒಬ್ಬರೇ ಮಾತಾಡಿ. ‘ಇದು ಡ್ರಗ್‌ನಿಂದ ಆಗ್ತಿದೆ, ಕೆಲವು ಗಂಟೆಯಲ್ಲಿ ಇಳಿಯುತ್ತೆ, ನಾನು ಇಲ್ಲೇ ಇದ್ದೀನಿ’ ಎಂದು ಮತ್ತೆ ಮತ್ತೆ ಹೇಳಿ. ಆದರೆ ಮೈ ಸುಡುತ್ತಿದ್ದರೆ, ಫಿಟ್ಸ್ ಬಂದರೆ, ಎದೆನೋವು ಎಂದರೆ, ಉದ್ರೇಕ ತಡೆಯಲಾಗದಿದ್ದರೆ, ಎಬ್ಬಿಸಿದರೆ ಏಳದಿದ್ದರೆ ಯೋಚನೆ ಮಾಡುತ್ತಾ ಕೂರಬೇಡಿ, ಆಂಬುಲೆನ್ಸ್ ಕರೆಯಿರಿ. ಬಿಗಿ ಬಟ್ಟೆ ಸಡಿಲಿಸಿ, ಗಾಳಿ ಬಿಡಿ. ಎಚ್ಚರ ತಪ್ಪಿದರೆ ಮಗ್ಗುಲಿಗೆ ಹೊರಳಿಸಿ ಮಲಗಿಸಿ, ಬಾಯಿಗೆ ಏನೂ ಹಾಕಬೇಡಿ. ಡಾಕ್ಟರಿಗೆ ನಿಜ ಹೇಳಿ. ‘ಎಲ್‌ಎಸ್‌ಡಿ’ ಎನ್ನುವ ಬದಲು ‘ಎಲ್‌ಎಸ್‌ಡಿ ಅಂತ ಕೊಟ್ಟಿದ್ದು, ಏನು ಅಂತ ಗೊತ್ತಿಲ್ಲ’ ಎನ್ನಿ. ಉಳಿದ ಚೂರು ಇದ್ದರೆ ಅದನ್ನೂ ಕೊಡಿ.

ಇನ್ನು ಕಣ್ಣಿನ ವಿಷಯ.

ಬೆನ್ನುಹುರಿಯ ಭಯವನ್ನು ಮೊದಲು ತೆಗೆದುಹಾಕಿದೆ. ಅದು ಬಹಳ ಹಳೆಯ ಸುಳ್ಳು. ಎಲ್‌ಎಸ್‌ಡಿ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಹೆಚ್ಚುಕಡಿಮೆ ಮೂರು ಗಂಟೆ ಸಾಕು. ಕೆಲವು ದಿನಗಳಲ್ಲಿ ಮೈಯಿಂದ ಪೂರ್ತಿ ಹೋಗಿರುತ್ತದೆ. ಎರಡು ತಿಂಗಳ ಮೇಲೂ ಕಾಣುತ್ತಿರುವುದಕ್ಕೆ ಒಳಗೆ ಉಳಿದ ಡ್ರಗ್ ಕಾರಣ ಅಲ್ಲ.

ಹುಚ್ಚಿನ ಭಯಕ್ಕೆ ಸ್ವಲ್ಪ ಹೆಚ್ಚು ಮಾತು ಬೇಕಾಯಿತು. ‘ಕೈಯ ಹಿಂದೆ ಬರುವ ಕೈಗಳು ನಿಜವಾದ ಕೈಗಳಾ?’ ಎಂದು ಕೇಳಿದೆ. ‘ಅಲ್ಲ, ನನಗೆ ಗೊತ್ತು ಅಲ್ಲ ಅಂತ’ ಎಂದ. ದೊಡ್ಡ ವ್ಯತ್ಯಾಸ ಇರುವುದು ಅಲ್ಲೇ. ಕಾಣುತ್ತಿರುವುದು ನಿಜವಲ್ಲ ಎನ್ನುವ ಅರಿವು ಗಟ್ಟಿಯಾಗಿತ್ತು. ಯಾರೋ ಮಾತಾಡಿದಂತೆ ಕೇಳಿಸುವುದು, ಎಲ್ಲರೂ ತನ್ನ ವಿರುದ್ಧ ಸೇರಿದ್ದಾರೆ ಎನ್ನುವ ನಂಬಿಕೆ, ಇವು ಯಾವುವೂ ಇರಲಿಲ್ಲ. ಅವನ ಲಕ್ಷಣಗಳು ಎಚ್‌ಪಿಪಿಡಿ ಎಂದು ಕರೆಯುವ ತೊಂದರೆಯನ್ನು ಹೋಲುತ್ತಿದ್ದವು. ಹ್ಯಾಲುಸಿನೋಜೆನ್ ಪರ್ಸಿಸ್ಟಿಂಗ್ ಪರ್ಸೆಪ್ಷನ್ ಡಿಸಾರ್ಡರ್ ಎಂಬುದು ಅದರ ಪೂರ್ತಿ ಹೆಸರು. ಭ್ರಮೆ ತರುವ ಡ್ರಗ್ ತೆಗೆದುಕೊಂಡು, ಅಮಲು ಇಳಿದ ಎಷ್ಟೋ ದಿನಗಳ ಮೇಲೂ ನೋಟದಲ್ಲಿ ಉಳಿದುಹೋಗುವ ತೊಂದರೆ ಅದು. 1983ರಲ್ಲಿ ಹೆನ್ರಿ ಅಬ್ರಹಾಂ ಎಂಬ ಮನೋವೈದ್ಯರು ಎಲ್‌ಎಸ್‌ಡಿ ತೆಗೆದುಕೊಂಡಿದ್ದ 123 ಜನರನ್ನು ಕೇಳಿ ಇದನ್ನು ವಿವರವಾಗಿ ಬರೆದರು. 1987ರಿಂದ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲೂ ಇದೆ. ಬೆಳಕಿನ ಉಂಗುರ, ಚಲಿಸುವ ವಸ್ತುವಿನ ಬಾಲ, ಕಣ್ಣಂಚಿನಲ್ಲಿ ಏನೋ ಅಲುಗಿದಂತೆ ಕಾಣುವುದು, ವಸ್ತುಗಳು ದೊಡ್ಡದಾಗಿ ಅಥವಾ ಚಿಕ್ಕದಾಗಿ ತೋರುವುದು, ಎಲ್ಲವೂ ಆ ಪಟ್ಟಿಯಲ್ಲಿ ಇವೆ. ಪಟ್ಟಿ ಓದಿ ಹೇಳುತ್ತಿದ್ದಾಗ ಅವನು ಅಳತೊಡಗಿದ. ತನಗೊಬ್ಬನಿಗೇ ಹೀಗಾಗಿದೆ ಎಂದು ಅಲ್ಲಿಯವರೆಗೂ ಅಂದುಕೊಂಡಿದ್ದ.

ಆದರೆ ಇದೇ ಎಂದು ತೀರ್ಮಾನಿಸುವುದು ನನ್ನ ಕೆಲಸ ಅಲ್ಲ. ಕಣ್ಣಿನ ರೆಟಿನಾ ತೊಂದರೆ, ಮೈಗ್ರೇನ್, ಒಂದು ಬಗೆಯ ಅಪಸ್ಮಾರ, ಇವೂ ಹೀಗೇ ಕಾಡಬಲ್ಲವು. ಕಣ್ಣಿನ ಡಾಕ್ಟರು, ನರರೋಗ ತಜ್ಞರು, ಮನೋವೈದ್ಯರು ಮೂವರನ್ನೂ ನೋಡಲೇಬೇಕು, ಆ ರಾತ್ರಿಯ ವಿಷಯ ಮುಚ್ಚಿಡಬಾರದು ಎಂದೆ. ಅದಕ್ಕೂ ಮೊದಲು ಅವನು ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದ, ಡ್ರಗ್ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಅವರು ‘ಕಣ್ಣು ಚೆನ್ನಾಗಿದೆ’ ಎಂದು ಕಳಿಸಿದ್ದರು. ಅದರಿಂದ ಅವನ ಭಯ ಇಮ್ಮಡಿಯಾಗಿತ್ತು.

ಮಾತಾಡುತ್ತಿದ್ದಾಗ ಒಂದು ವಿಷಯ ಗಮನಿಸಿದೆ. ಅವನು ಆಗಾಗ ನನ್ನ ಹಿಂದಿನ ಬಿಳಿ ಗೋಡೆ ನೋಡುತ್ತಿದ್ದ. ಒಂದು ಕಣ್ಣು ಮುಚ್ಚುವುದು, ತೆರೆಯುವುದು, ಇನ್ನೊಂದು ಮುಚ್ಚುವುದು. ಆಮೇಲೆ ತೊಡೆಯ ಮೇಲಿದ್ದ ಬೆರಳುಗಳನ್ನು ಮೆಲ್ಲಗೆ ಆಡಿಸಿ ಬಾಲ ಬರುತ್ತಾ ಎಂದು ನೋಡುವುದು. ‘ಏನು ನೋಡ್ತಾ ಇದ್ದೀರಿ?’ ಎಂದೆ. ‘ಕಡಿಮೆ ಆಯ್ತಾ ಅಂತ’ ಎಂದ. ಬೆಳಿಗ್ಗೆ ಎದ್ದ ಕೂಡಲೇ ಮೊದಲು ಮಾಡುತ್ತಿದ್ದ ಕೆಲಸವೇ ಅದು. ದಿನವಿಡೀ ಅದೇ. ರಾತ್ರಿ ಮೊಬೈಲ್ ಹಿಡಿದು, ವರ್ಷಗಟ್ಟಲೆ ಹೀಗೇ ನರಳಿದವರ ಕಥೆಗಳನ್ನು ಹುಡುಕಿ ಓದುವುದು. ನಿದ್ದೆ ಇಲ್ಲ.

ನನ್ನ ಸಲಹೆಯ ತಿರುಳು ಇರುವುದು ಇಲ್ಲೇ. ಕಣ್ಣಿನಲ್ಲಿ ತೇಲುವ ಎಳೆಗಳು, ಪ್ರಖರ ಬೆಳಕು ನೋಡಿದ ಮೇಲೆ ಉಳಿಯುವ ಕಲೆ, ಕತ್ತಲಲ್ಲಿ ಕಾಣುವ ಚುಕ್ಕೆಗಳು ಎಲ್ಲರಿಗೂ ಸ್ವಲ್ಪ ಮಟ್ಟಿಗೆ ಇರುತ್ತವೆ. ಮಿದುಳು ಅವನ್ನು ಸೋಸಿ ಬದಿಗೆ ತಳ್ಳುತ್ತದೆ. ತಲೆಯ ಮೇಲೆ ತಿರುಗುವ ಫ್ಯಾನಿನ ಸದ್ದು ನಮಗೆ ಕೇಳಿಸದ ಹಾಗೆ. ಯಾರಾದರೂ ನೆನಪಿಸಿದ ಕೂಡಲೇ ಆ ಸದ್ದು ಬಿಟ್ಟು ಬೇರೇನೂ ಕೇಳಿಸುವುದಿಲ್ಲ, ಅಲ್ವಾ? ಹುಡುಗನ ಆ ಸೋಸುವಿಕೆ ಸಡಿಲವಾಗಿದೆ, ಅದು ಅವನ ಕಲ್ಪನೆ ಅಲ್ಲ. ಆದರೆ ಪ್ರತಿ ಸಲ ಹುಡುಕಿ ನೋಡಿದಾಗಲೂ ‘ಇದು ಮುಖ್ಯ, ಇದನ್ನು ಬಿಡಬೇಡ’ ಎಂದು ಅವನೇ ಮಿದುಳಿಗೆ ಹೇಳಿಕೊಡುತ್ತಿದ್ದಾನೆ. ಭಯ ಹೆಚ್ಚಾದಷ್ಟೂ ಕಾಣುವುದು ಹೆಚ್ಚುತ್ತದೆ, ಕಂಡಷ್ಟೂ ಭಯ ಹೆಚ್ಚುತ್ತದೆ.

ಸುಮ್ನೆ ‘ನೋಡಬೇಡ’ ಎಂದರೆ ಯಾರಿಂದಲೂ ಆಗುವುದಿಲ್ಲ. ಹಾಗಾಗಿ ದಿನಕ್ಕೆ ಒಂದು ಹೊತ್ತು ಗೊತ್ತು ಮಾಡಿದೆವು. ಸಂಜೆ ಐದು ನಿಮಿಷ. ಆಗ ಗೋಡೆ ನೋಡಿ ಒಂದು ಸಾಲು ಬರೆದಿಡಬೇಕು. ಉಳಿದ ಹೊತ್ತಿನಲ್ಲಿ ನೋಡಬೇಕು ಅನ್ನಿಸಿದರೆ ‘ಸಂಜೆ ನೋಡ್ತೀನಿ’ ಎಂದು ಹೇಳಿಕೊಂಡು ಕೈಯಲ್ಲಿದ್ದ ಕೆಲಸಕ್ಕೆ ಮರಳಬೇಕು. ತಪ್ಪಿದರೆ ತಪ್ಪಿತು, ಬೈದುಕೊಳ್ಳಬಾರದು. ರಾತ್ರಿ ಹುಡುಕಾಟ ಪೂರ್ತಿ ಬಂದ್. ಕಪ್ಪು ಕನ್ನಡಕವನ್ನು ಬಿಸಿಲಿಗೆ ಹೋದಾಗ ಹಾಕಿಕೊಳ್ಳಲಿ, ಮನೆಯೊಳಗೆ ಬೇಡ. ಸದಾ ಹಾಕಿಕೊಂಡರೆ ಕಣ್ಣಿಗೆ ಬೆಳಕು ಇನ್ನೂ ಚುಚ್ಚುತ್ತದೆ. ಓದುವಾಗ ಬಿಳಿ ಪರದೆಯ ಬದಲು ತೆಳು ಹಳದಿ, ಅಕ್ಷರ ದೊಡ್ಡದು. ರಾತ್ರಿ ಗಾಡಿ ಓಡಿಸುವುದು ಸದ್ಯಕ್ಕೆ ಬೇಡ.

ಗಾಂಜಾ ಬಗ್ಗೆ ಕೇಳಿದಾಗ ಸ್ವಲ್ಪ ತಡವರಿಸಿ, ನಿದ್ದೆ ಬರಲಿ ಎಂದು ಈಚೆಗೆ ಸೇದುತ್ತಿದ್ದೇನೆ ಎಂದ. ಈ ಮಾತಿನಲ್ಲಿ ನಾನು ಒಂದಿಷ್ಟೂ ಸಡಿಲ ಕೊಡಲಿಲ್ಲ. ಈ ತೊಂದರೆ ಇರುವವರಲ್ಲಿ ಗಾಂಜಾ ಸೇದಿದ ಮೇಲೆ ಚುಕ್ಕೆ, ಬಾಲ ಎಲ್ಲ ಮತ್ತೆ ಕೆರಳುವುದು ಮೇಲಿಂದ ಮೇಲೆ ಕಂಡುಬಂದಿದೆ. ಭ್ರಮೆ ತರುವ ಯಾವ ಡ್ರಗ್ಗನ್ನೂ ಇನ್ನು ಜೀವನದಲ್ಲಿ ಮುಟ್ಟಬಾರದು, ಗಾಂಜಾ ಇವತ್ತೇ ನಿಲ್ಲಬೇಕು ಎಂದೆ. ಅವನು ಕೇಳಿದ ನಿದ್ದೆ ಮಾತ್ರೆಗೂ ಇಲ್ಲ ಎಂದೆ. ಕ್ಲೊನಜೆಪಾಮ್, ಲ್ಯಾಮೊಟ್ರಿಜಿನ್ ಎಂಬ ಮಾತ್ರೆಗಳು ಈ ತೊಂದರೆಯಲ್ಲಿ ಕೆಲವರಿಗೆ ನೆರವಾಗಿವೆ ನಿಜ. ಆದರೆ ಕ್ಲೊನಜೆಪಾಮ್ ಚಟ ಹಿಡಿಸುವ ಮಾತ್ರೆ. ರಿಸ್ಪೆರಿಡೋನ್‌ನಂಥ ಮನೋರೋಗದ ಔಷಧಿಯಿಂದ ಕೆಲವರಿಗೆ ಕಣ್ಣಿನ ಕಾಟ ಹೆಚ್ಚಾದದ್ದೂ ಇದೆ. ಮನೋವೈದ್ಯರು ನೋಡಿ ಕೊಡಬೇಕೇ ಹೊರತು ಗೆಳೆಯರ ಕೈಯಿಂದ ಪಡೆಯುವಂಥದ್ದಲ್ಲ.

ಮನೆಯಲ್ಲಿ ಅಕ್ಕನಿಗೆ ಹೇಳುವುದು ಎಂದು ಅವನೇ ಆರಿಸಿಕೊಂಡ. ಅಕ್ಕ ಬೈದಳು, ಅತ್ತಳು, ಮಾರನೆಯ ದಿನ ಡಾಕ್ಟರ ಹತ್ತಿರ ಜೊತೆಗೆ ಹೋದಳು. ಅವಳಿಗೂ ಒಂದು ಮಾತು ಹೇಳಿದ್ದೆ: ಕಾಣುವುದು ನಿಜ ಎಂದು ನಂಬತೊಡಗಿದರೆ, ಬದುಕು ಬೇಡ ಎನ್ನುವ ಮಾತು ಬಂದರೆ, ನೋಟದ ಒಂದು ಭಾಗ ಕತ್ತಲಾದರೆ, ಎಚ್ಚರ ತಪ್ಪಿದರೆ ನನಗಾಗಿ ಕಾಯಬೇಡಿ, ನೇರ ಆಸ್ಪತ್ರೆಗೆ ಹೋಗಿ.

ಪರೀಕ್ಷೆಗಳಲ್ಲಿ ಬೇರೆ ಕಾಯಿಲೆ ಸಿಗಲಿಲ್ಲ. ಮನೋವೈದ್ಯರು ಎಚ್‌ಪಿಪಿಡಿ ಎಂದೇ ಹೇಳಿದರು, ಔಷಧಿ ಸದ್ಯಕ್ಕೆ ಬೇಡ ಎಂದರು. ಗಾಂಜಾ ಬಿಟ್ಟ ಮೊದಲ ವಾರಗಳಲ್ಲಿ ನಿದ್ದೆ ಇನ್ನೂ ಕೆಟ್ಟಿತು, ಆಮೇಲೆ ಸರಿಹೋಯಿತು. ಸಂಜೆಯ ಸಾಲುಗಳು ಬರಬರುತ್ತಾ ಗಿಡ್ಡವಾದವು, ಕೆಲವು ದಿನ ಬರೆಯಲು ಮರೆತಿದ್ದ. ‘ಪೂರ್ತಿ ಹೋಗುತ್ತಾ?’ ಎಂದು ಈಗಲೂ ಕೇಳುತ್ತಾನೆ. ಬಹಳ ಜನಕ್ಕೆ ತಿಂಗಳುಗಳಲ್ಲಿ ಇಳಿಯುತ್ತದೆ, ಕೆಲವರಿಗೆ ಸ್ವಲ್ಪ ಉಳಿಯುತ್ತದೆ, ಉಳಿದರೂ ಅದರ ಜೊತೆ ಓದಿ, ದುಡಿದು, ಬದುಕುತ್ತಾರೆ ಎಂದು ಹೇಳುತ್ತೇನೆ. ಚುಕ್ಕೆಗಳು ಇನ್ನೂ ಇವೆ, ಅಕ್ಷರಗಳು ತೇಲುವುದು ನಿಂತಿದೆ. ನಿದ್ದೆಗೆಟ್ಟ ದಿನ ಕೈಯ ಬಾಲ ಮತ್ತೆ ಕಾಣುತ್ತದೆ. ಪರೀಕ್ಷೆ ಹತ್ತಿರ ಬಂದಿರುವುದರಿಂದ ರಾತ್ರಿ ಎಷ್ಟು ಹೊತ್ತಿಗೆ ಪುಸ್ತಕ ಮುಚ್ಚಬೇಕು ಎನ್ನುವುದನ್ನು ಅವನೂ ಅಕ್ಕನೂ ಸೇರಿ ಗೊತ್ತು ಮಾಡಿಕೊಂಡಿದ್ದಾರೆ.