ಜಪಾನಿನ ಮಾಲ್‌ನಲ್ಲಿ ಹವಾಯಿ ಊಟ

ಪ್ರಶ್ನೆ: ಜಪಾನಿನಲ್ಲಿರುವ ಮಗಳು ನಮ್ಮನ್ನು ಅಲ್ಲಿನ ಮಾಲ್‌ನ ಹವಾಯಿ ಶೈಲಿಯ ಹೋಟೆಲಿಗೆ ಕರೆದೊಯ್ಯುವಳಂತೆ. ಜಪಾನಿನಲ್ಲಿ ಹವಾಯಿ ಊಟವೇಕೆ? ಸಸ್ಯಾಹಾರಿಗಳಾದ ನಮಗೆ ಅಲ್ಲಿ ಏನು ಸಿಕ್ಕೀತು?
– ಓದುಗರೊಬ್ಬರು, ಬಸವನಗುಡಿ, ಬೆಂಗಳೂರು

ಉತ್ತರ: 1885ರಿಂದ ಸಾವಿರಾರು ಜಪಾನೀಯರು ಒಪ್ಪಂದದ ಕೂಲಿಗಳಾಗಿ ಹವಾಯಿಯ ಕಬ್ಬಿನ ತೋಟಗಳಿಗೆ ಹೋದರು, ಅವರಲ್ಲಿ ಅನೇಕರು ಅಲ್ಲಿಯೇ ನೆಲೆಸಿದ್ದರಿಂದ ಅವರ ಅನ್ನ, ಸೋಯಾ ಸಾಸ್‌ಗಳು ಆ ನಾಡಿನ ಅಡುಗೆಯಲ್ಲಿ ಬೆರೆತುಹೋದವು. ಹೀಗಾಗಿ ಆ ರುಚಿ ಜಪಾನೀಯರಿಗೆ ತೀರಾ ಪರಕೀಯವಲ್ಲ. ಹವಾಯಿಯ ಹೆಸರುವಾಸಿ ಲೊಕೊ ಮೊಕೊ ಎಂದರೆ ಬಿಸಿ ಅನ್ನದ ಮೇಲೆ ಗೋಮಾಂಸದ ಪ್ಯಾಟಿ, ಅದರ ಮೇಲೊಂದು ಹುರಿದ ಮೊಟ್ಟೆ, ಎಲ್ಲದರ ಮೇಲೆ ಸುರಿದ ಕಂದು ಗ್ರೇವಿ. ಇದು ನಿಮಗೆ ಒಗ್ಗದು. ಮೊಟ್ಟೆ ತಿನ್ನುವವರಾದರೆ ಕೆನೆಯನ್ನು ಗೋಪುರದಂತೆ ಏರಿಸಿದ ಪ್ಯಾನ್‌ಕೇಕ್, ಇಲ್ಲವಾದರೆ ಬಾಳೆಹಣ್ಣು ಹೆಚ್ಚಿಟ್ಟ ಅಸಾಯಿ ಬೌಲ್ (ಅಸಾಯಿ ಎಂಬ ನೇರಳೆ ಬಣ್ಣದ ಹಣ್ಣನ್ನು ರುಬ್ಬಿದ ತಣ್ಣನೆಯ ತಿನಿಸು, ಮೂಲತಃ ಬ್ರೆಜಿಲಿನದು) ಕೇಳಬಹುದು. ಸಲಾಡನ್ನು ಮಾತ್ರ ಕಣ್ಣುಮುಚ್ಚಿ ನಂಬಬೇಡಿ, ಅದರಲ್ಲಿ ಸೀಗಡಿಯೋ ಬೇಕನ್ ಎಂಬ ಹಂದಿಮಾಂಸದ ಹೋಳೋ ಇರಬಹುದು. ಟಿಪ್ಸ್ ಕೊಡುವ ರೂಢಿ ಜಪಾನಿನಲ್ಲಿಲ್ಲ.