ಕಾಡಲ್ಲಿ ಅಡ್ಡಾಡಿದರೆ ಪಾಠ ಹಿಂದೆ ಬೀಳುತ್ತದಾ?

ಪ್ರಶ್ನೆ: ಖಾನಾಪುರ ತಾಲೂಕಿನ ಹಳ್ಳಿ ಶಾಲೆಯಲ್ಲಿ ಏಳನೇ ತರಗತಿಗೆ ಕಲಿಸುತ್ತೇನೆ. ಶಾಲೆ ಹಿಂದೆಯೇ ಕಾಡು, ಊರ ಹಳ್ಳ ಮಲಪ್ರಭೆಗೆ ಸೇರುತ್ತದೆ. ಶನಿವಾರ ಮಕ್ಕಳನ್ನು ಕಾಡಿನ ಕಡೆ ಕರೆದೊಯ್ಯುತ್ತೇನೆ. 'ಸುಮ್ನೆ ತಿರುಗಿಸ್ತೀರಿ, ಸಿಲಬಸ್ ಯಾವಾಗ ಮುಗಿಸ್ತೀರಿ?' ಅಂತ ಪಾಲಕರ ತಕರಾರು. ಏನು ಹೇಳಲಿ?
– ಒಬ್ಬ ಶಿಕ್ಷಕಿ, ಬೆಳಗಾವಿ ಜಿಲ್ಲೆ

ಉತ್ತರ: ಅಕ್ಕೋರೇ, ಇದನ್ನು ಮಾತ್ರ ಬಿಡಬೇಡಿ. ಆದರೆ ಪಾಲಕರ ಮಾತಲ್ಲೂ ಹುರುಳಿದೆ. ನೋಡಿ ಬಂದುಬಿಟ್ಟರೆ ಅದು ಪಿಕ್ನಿಕ್, ಅಷ್ಟೇ. ಒಂದು ಸಲಕ್ಕೆ ಒಂದೇ ಮರ ಹಿಡಿಯಿರಿ, ಎಲ್ಲ ವಿಷಯವೂ ಅದರ ಬುಡಕ್ಕೇ ಬರಲಿ.

ಸಾಗವಾನಿ ಇದೆಯಲ್ವಾ? ಬಿಸಿಲಿದ್ದ ದಿನ ಪಕ್ಕದ ಸಪಾಟು ನೆಲದಲ್ಲಿ 1 ಮೀಟರ್ ಕೋಲು ನೆಟ್ಟಗೆ ನಿಲ್ಲಿಸಿ. ಅದರ ನೆರಳು 80 ಸೆಂಟಿಮೀಟರ್, ಅದೇ ಹೊತ್ತಿಗೆ ಮರದ ನೆರಳು 8 ಮೀಟರ್ ಇದ್ದರೆ ಮರದ ಎತ್ತರ 10 ಮೀಟರ್. ಅನುಪಾತದ ಲೆಕ್ಕ ಬೋರ್ಡಿನ ಮೇಲೆ ತಲೆಗೆ ಹೋಗದ ಹುಡುಗನೂ ಇಲ್ಲಿ ಟೇಪು ಹಿಡಿದು ತಾನೇ ಹೇಳುತ್ತಾನೆ. ಕಾಂಡದ ಸುತ್ತಳತೆಯನ್ನು 3.14ರಿಂದ ಭಾಗಿಸಿದರೆ ವ್ಯಾಸ ಸಿಕ್ಕಿತು. ಎಳೆ ಚಿಗುರನ್ನು ಅಂಗೈಯಲ್ಲಿ ತಿಕ್ಕಿಸಿ, ಕೈಯೆಲ್ಲ ಕೆಂಪಾಗುತ್ತದೆ. ಆ ಬಣ್ಣಕ್ಕೆ ಒಂದು ಕಡೆ ನಿಂಬೆರಸ, ಇನ್ನೊಂದು ಕಡೆ ಸೋಪಿನ ನೀರು ಹಾಕಿ ನೋಡಲಿ, ಆಮ್ಲ–ಪ್ರತ್ಯಾಮ್ಲದ ಪಾಠ ಅಲ್ಲಿಂದಲೇ ಶುರು ಮಾಡಿ.

ನನಗೆ ಜಾಸ್ತಿ ಇಷ್ಟ ನಿಮ್ಮ ಹಳ್ಳ. ನಿಮ್ಮ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಪಟ್ಟದಕಲ್ಲಿನ ಗುಡಿಗಳ ಪಕ್ಕದಲ್ಲೇ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ, ಅಂದರೆ ಚಾಲುಕ್ಯರ ಪಾಠದ ಊರಿಗೂ ನಿಮ್ಮೂರಿಗೂ ನೀರಿನ ನಂಟು. ಕೃಷ್ಣೆ ಹೋಗುವುದು ಬಂಗಾಳ ಕೊಲ್ಲಿಗೆ. ಅದೇ ತಾಲೂಕಿನ ಭೀಮಗಡದ ಕಾಡಲ್ಲಿ ಹುಟ್ಟುವ ಮಹದಾಯಿ ಗೋವಾ ಹೊಕ್ಕು ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ಹೀಗ್ಯಾಕೆ ಅಂತ ಮಕ್ಕಳೇ ನಕಾಶೆ ಹಿಡಿದು ಹುಡುಕಲಿ, ನೀವು ಹೇಳಿಕೊಡಬೇಡಿ.

ಭಾಷೆಗೆ ಬೇರೆ ಏನೂ ಬೇಡ. ಮರ ಹೇಗಿತ್ತು ಅಂತ ಐದು ವಾಕ್ಯ. 'ಸುಂದರವಾಗಿತ್ತು' ಅಂತ ಬರೆಯುವ ಹಾಗಿಲ್ಲ. ಎಲೆ ಮುಟ್ಟಿದರೆ ಹೇಗಿತ್ತು, ಅದನ್ನು ಬರೆಯಲಿ.

ದೂರ ಒಳಗೆ ಹೋಗುವುದಾದರೆ ಅರಣ್ಯ ಇಲಾಖೆಯವರ ಅನುಮತಿ ಬೇಕು. ಜೊತೆಗೆ ಇನ್ನೊಬ್ಬರು ದೊಡ್ಡವರಿರಲಿ, ಹುತ್ತದ ಹತ್ತಿರ ಯಾರೂ ಕೈ ಹಾಕದಿರಲಿ. ತಕರಾರು ಮಾಡುವ ಪಾಲಕರಲ್ಲೇ ಒಬ್ಬರನ್ನು ಮುಂದಿನ ಶನಿವಾರ ಕರೆಯಿರಿ. ಗಿಡಮರದ ಹೆಸರು ನಮಗಿಂತ ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ.