ಒಂದು ಗಂಟೆಯ ಫೇಸ್‌ಲಿಫ್ಟ್ ಮಾಡಿಸಿ ನಿರಾಸೆಯಾಗಿದೆ, ಈಗೇನು ಮಾಡಲಿ?

ಪ್ರಶ್ನೆ: ನನಗೆ 54 ವರ್ಷ. ದವಡೆಯ ಅಂಚು ಜೋತು ಬಿದ್ದಿತ್ತು, ಕೊರಳೂ ಸಡಿಲವಾಗಿತ್ತು. ನಾಲ್ಕು ತಿಂಗಳ ಹಿಂದೆ ಒಂದು ಕ್ಲಿನಿಕ್‌ನಲ್ಲಿ ಮಿನಿ ಫೇಸ್‌ಲಿಫ್ಟ್ ಮಾಡಿಸಿಕೊಂಡೆ. ಪೂರ್ತಿ ಅರಿವಳಿಕೆ ಬೇಡ, ಒಂದು ಗಂಟೆ ಸಾಕು, ವಾರದಲ್ಲಿ ಕೆಲಸಕ್ಕೆ ಹೋಗಬಹುದು, ಹತ್ತು ವರ್ಷ ಚಿಕ್ಕವರಾಗಿ ಕಾಣ್ತೀರಿ ಅಂದಿದ್ದರು. ಮೊದಲ ತಿಂಗಳು ಚೆನ್ನಾಗಿಯೇ ಇತ್ತು. ಈಗ ದವಡೆ ಮತ್ತೆ ಜೋತು ಬಿದ್ದಿದೆ. ಕೊರಳಂತೂ ಮೊದಲು ಹೇಗಿತ್ತೋ ಹಾಗೇ ಇದೆ. ಎಡಗಿವಿಯ ಹಾಲೆ ಕೆಳಕ್ಕೆ ಎಳೆದಂತೆ ಕಾಣುತ್ತದೆ, ಅದರ ಸುತ್ತ ಮುಟ್ಟಿದರೆ ಗೊತ್ತೇ ಆಗುವುದಿಲ್ಲ. ಹೋಗಿ ಕೇಳಿದರೆ, ‘ನಿಮ್ಮ ಚರ್ಮವೇ ಹಾಗಿದೆ, ಚರ್ಮದ ಕೆಳಗೆ ದಾರ ತೂರಿಸಿ ಎತ್ತುವ ಥ್ರೆಡ್ ಹಾಕಿಸಿಕೊಳ್ಳಿ, ಸರಿಹೋಗುತ್ತೆ’ ಅಂದರು. ಮನೆಯಲ್ಲಿ ಯಾರಿಗೂ ಈ ನೋವು ಹೇಳಿಕೊಂಡಿಲ್ಲ. ಈ ವಯಸ್ಸಿನಲ್ಲಿ ಯಾಕೆ ಬೇಕಿತ್ತು ಅಂತ ನನಗೇ ನಾಚಿಕೆ. ಥ್ರೆಡ್ ಮಾಡಿಸಲೇ?

ಉತ್ತರ: ಬೇಡ. ಸದ್ಯಕ್ಕಂತೂ ಬೇಡವೇ ಬೇಡ. ನಾಲ್ಕೇ ತಿಂಗಳ ಹಿಂದೆ ಬಿಡಿಸಿ ಹೊಲಿದ ಜಾಗ ಅದು. ಒಳಗೆ ಇನ್ನೂ ಗಾಯ ಮಾಗುತ್ತಿದೆ, ಅಂಗಾಂಶ ಗಟ್ಟಿಯಾಗಿದೆ. ಅದರೊಳಗೆ ದಾರ ತೂರಿಸಿದರೆ ಗುಳಿ ಬೀಳುವ, ಎರಡೂ ಕಡೆ ಒಂದೇ ಸಮ ಕಾಣದಿರುವ ಅಪಾಯ ಜಾಸ್ತಿ. ಮುಂದೆ ಯಾರಾದರೂ ಇದನ್ನು ಸರಿಯಾಗಿ ರಿಪೇರಿ ಮಾಡಬೇಕೆಂದರೆ ಅವರಿಗೂ ಕಷ್ಟವಾಗುತ್ತದೆ. ಗಾಯದ ಮೇಲೆ ಬರೆ ಎಳೆಸಿಕೊಳ್ಳಬೇಡಿ.

ನಾಚಿಕೆಯ ಮಾತು ಓದಿ ನನಗೆ ನಿಜಕ್ಕೂ ಬೇಸರವಾಯಿತು. ಕನ್ನಡಿಯಲ್ಲಿ ಕಾಣುವ ಮುಖ ಸ್ವಲ್ಪ ಚೆನ್ನಾಗಿರಲಿ ಅಂತ ಆಸೆಪಡುವುದು ತಪ್ಪಲ್ಲ. ಅದಕ್ಕೆ ವಯಸ್ಸಿನ ಮಿತಿಯೂ ಇಲ್ಲ. ನಿಮಗೆ ಹೇಳಿದ್ದು ಒಂದು, ಆ ಆಪರೇಷನ್‌ನಿಂದ ಆಗುವುದು ಇನ್ನೊಂದು. ಈ ಎರಡರ ನಡುವಿನ ಅಂತರವನ್ನು ಮೊದಲೇ ತಿಳಿಸಬೇಕಾದವರು ವೈದ್ಯರು. ನಿಮ್ಮ ಚರ್ಮ ಹೇಗಿದೆ, ಬಿಸಿಲಿಗೆ ಎಷ್ಟು ಬೆಂದಿದೆ, ಎಷ್ಟು ಹಿಡಿದು ನಿಲ್ಲುತ್ತದೆ ಅನ್ನುವುದನ್ನು ಕತ್ತರಿ ಹಿಡಿಯುವ ಮೊದಲೇ ನೋಡಬೇಕು. ಆಪರೇಷನ್ ಆದ ಮೇಲೆ ‘ನಿಮ್ಮ ಚರ್ಮವೇ ಹಾಗೆ’ ಅನ್ನುವುದು ಉತ್ತರವಲ್ಲ.

ಹಾಗಾದರೆ ಮೊದಲ ತಿಂಗಳು ಚೆನ್ನಾಗಿದ್ದದ್ದು ಹೇಗೆ, ಆಮೇಲೆ ಹೋಗಿದ್ದೆಲ್ಲಿಗೆ? ಇದು ಅರ್ಥವಾದರೆ ನಿಮ್ಮ ಮನಸ್ಸು ಅರ್ಧ ಹಗುರಾಗುತ್ತದೆ ಅಂತ ನನ್ನ ನಂಬಿಕೆ. ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

ಮುಖ ಜೋಲುವುದು ಚರ್ಮ ಒಂದರಿಂದಲೇ ಅಲ್ಲ. ವಯಸ್ಸಾದಂತೆ ಮುಖದ ಮೂಳೆ ಸ್ವಲ್ಪ ಸವೆಯುತ್ತದೆ. ಕೆನ್ನೆಯ ಕೊಬ್ಬಿನ ದಿಂಬುಗಳು ಕೆಲವು ಕಡೆ ಕರಗುತ್ತವೆ, ಕೆಲವು ಕಡೆ ಕೆಳಕ್ಕೆ ಜಾರುತ್ತವೆ. ಎಲ್ಲವನ್ನೂ ಹಿಡಿದಿಟ್ಟ ನಾರುಗಳು ಸಡಿಲವಾಗುತ್ತವೆ. ಚರ್ಮ ಮತ್ತು ಅದರಡಿಯ ಕೊಬ್ಬಿನ ಕೆಳಗೆ ನಾರು, ಸ್ನಾಯು ಕೂಡಿದ ಒಂದು ಪದರ ಇದೆ. ನಾವು ಸರ್ಜನ್‌ಗಳು ಅದನ್ನು ಸ್ಮಾಸ್ ಅನ್ನುತ್ತೇವೆ. 1976ರಲ್ಲಿ ಫ್ರಾನ್ಸ್‌ನ ವೈದ್ಯರಾದ ಮಿಟ್ಸ್ ಮತ್ತು ಪೆರೋನಿ ಇದನ್ನು ವಿವರವಾಗಿ ಬರೆದರು. ಅದಕ್ಕೆ ಮೊದಲು ಹಲವು ದಶಕಗಳ ಕಾಲ ಫೇಸ್‌ಲಿಫ್ಟ್ ಅಂದರೆ ಬಹುಮಟ್ಟಿಗೆ ಚರ್ಮ ಎಳೆದು, ಹೆಚ್ಚಾದದ್ದನ್ನು ಕತ್ತರಿಸಿ ಹೊಲಿಯುವುದೇ ಆಗಿತ್ತು. ಬಾಳಿಕೆ ಕಮ್ಮಿ, ಮುಖವೂ ಬಿಗಿದು ಕಟ್ಟಿದಂತೆ. ಈ ಒಳಪದರವನ್ನು ಎತ್ತಿ ಕಟ್ಟಲು ಶುರು ಮಾಡಿದ ಮೇಲೆ ಭಾರ ಚರ್ಮದ ಮೇಲಿಂದ ಇಳಿಯಿತು.

ದಿಢೀರ್ ಲಿಫ್ಟ್‌ಗಳಲ್ಲಿ ಹೆಚ್ಚಿನವು ಮತ್ತೆ ಆ ಹಳೆಯ ದಾರಿಗೇ ಹೋಗುತ್ತವೆ. ಗಂಟೆಯೊಳಗೆ ಮುಗಿಸಬೇಕು, ಪೂರ್ತಿ ಅರಿವಳಿಕೆ ಇರಬಾರದು ಅಂದರೆ ಒಳಪದರಕ್ಕೆ ಕೈ ಹಾಕಲು ಸಮಯವಾದರೂ ಎಲ್ಲಿ? ಸೊರಗಿದ ಹಾಸಿಗೆಯ ಮೇಲಿನ ಚಾದರವನ್ನು ಎಳೆದು ಸಿಕ್ಕಿಸಿದ ಹಾಗೆ. ಆ ಕ್ಷಣಕ್ಕೆ ನೆರಿಗೆ ಹೋಗುತ್ತದೆ, ಹಾಸಿಗೆಯ ತಗ್ಗು ಹಾಗೇ ಇರುತ್ತದೆ. ಇನ್ನೊಂದು ವಿಷಯ, ಎಳೆದಿಟ್ಟ ಚರ್ಮ ಸುಮ್ನೆ ಇರುವುದಿಲ್ಲ. ಬಸುರಿಯ ಹೊಟ್ಟೆ ನೋಡಿ, ಬಿಡದೆ ಎಳೆತ ಇದ್ದರೆ ಚರ್ಮ ನಿಧಾನವಾಗಿ ಹಿಗ್ಗುತ್ತಾ ಹೋಗುತ್ತದೆ ಅಲ್ವಾ? ಮುಖದಲ್ಲೂ ಅಷ್ಟೇ. ಅದರ ಜೊತೆಗೆ ಮೊದಲ ವಾರಗಳಲ್ಲಿ ಊತ ಇರುತ್ತದೆ. ಊತ ಸುಕ್ಕನ್ನು ತುಂಬುತ್ತದೆ, ಕೆನ್ನೆಯನ್ನು ದುಂಡಗೆ ಮಾಡುತ್ತದೆ. ನೀವು ಮೊದಲ ತಿಂಗಳು ಕಂಡ ಮುಖದಲ್ಲಿ ಆ ಊತದ ಪಾಲೂ ಇತ್ತು.

ಕೊರಳಿನ ವಿಷಯ ಇನ್ನೂ ಸರಳ. ಕೊರಳಲ್ಲಿ ಪ್ಲಾಟಿಸ್ಮಾ ಅನ್ನುವ ತೆಳು ಸ್ನಾಯು ಇದೆ. ಅದು ಸಡಿಲವಾದಾಗ ಕೊರಳು ಜೋಲುತ್ತದೆ. ಅದನ್ನು ಬಿಗಿ ಮಾಡಲು ಸಾಮಾನ್ಯವಾಗಿ ಕಿವಿಯ ಹಿಂದಿನಿಂದ ಇಲ್ಲವೇ ಗದ್ದದ ಕೆಳಗಿನಿಂದ ಹೋಗಬೇಕು. ಕಿವಿಯ ಮುಂದೆ ಮಾತ್ರ ಹಾಕಿದ ಚಿಕ್ಕ ಗಾಯದಿಂದ ಅಲ್ಲಿಗೆ ಕೈ ಎಟಕುವುದೇ ಕಷ್ಟ. ಅಂದರೆ ನಿಮ್ಮ ಎರಡು ದೂರುಗಳಲ್ಲಿ ಒಂದಕ್ಕೆ ಈ ಆಪರೇಷನ್‌ನಲ್ಲಿ ಪರಿಹಾರವೇ ಇರಲಿಲ್ಲ. ಇದನ್ನು ನಿಮಗೆ ಹೇಳದೆ ಹೋದದ್ದು ನನಗೆ ಎಲ್ಲಕ್ಕಿಂತ ಜಾಸ್ತಿ ನೋವು ಕೊಟ್ಟ ಸಂಗತಿ.

ಮಿನಿ ಲಿಫ್ಟ್ ಅಂದರೆ ಎಲ್ಲವೂ ಮೋಸ ಅಂತ ನಾನು ಹೇಳುತ್ತಿಲ್ಲ. ಗಾಯ ಚಿಕ್ಕದಿದ್ದರೂ ಒಳಪದರವನ್ನು ಹೊಲಿಗೆಯಿಂದ ಮೇಲಕ್ಕೆ ಕಟ್ಟುವ ಒಳ್ಳೆಯ ವಿಧಾನಗಳಿವೆ. ನಲವತ್ತರ ಆಸುಪಾಸಿನಲ್ಲಿ, ದವಡೆ ಅಂಚು ಸ್ವಲ್ಪ ಮಾತ್ರ ಇಳಿದು, ಕೊರಳು ಚೆನ್ನಾಗಿದ್ದವರಿಗೆ ಅದು ಸಾಕಾಗುತ್ತದೆ. ನಿಮ್ಮ ಮುಖಕ್ಕೆ ಅದು ಸರಿಯಾದ ಆಯ್ಕೆ ಆಗಿರಲಿಲ್ಲ ಅಂತ ನಿಮ್ಮ ವಿವರ ಓದಿದಾಗ ಅನಿಸುತ್ತದೆ.

ಇನ್ನು ಕಿವಿ. ಹಾಲೆ ಕೆಳಕ್ಕೆ ಎಳೆದಂತೆ ಕಾಣುವುದು ಚರ್ಮದ ಮೇಲೆ ಭಾರ ಬಿದ್ದಿದ್ದರ ಗುರುತು. ಭಾರ ಹೊರಲು ಒಳಪದರ ಇಲ್ಲದಿದ್ದಾಗ ಹೊಲಿಗೆ ಹಾಲೆಯನ್ನೇ ಜಗ್ಗುತ್ತದೆ. ಇದನ್ನು ಸರಿಪಡಿಸಬಹುದು, ಚಿಕ್ಕ ಕೆಲಸ. ಆದರೆ ಗಾಯದ ಗುರುತು ಮೆತ್ತಗಾಗುವವರೆಗೆ ಕಾಯಬೇಕು. ಮುಟ್ಟಿದರೆ ಗೊತ್ತಾಗದಿರುವುದಕ್ಕೆ ಹೆದರಬೇಡಿ. ಚರ್ಮ ಬಿಡಿಸುವಾಗ ಸಣ್ಣ ಸಣ್ಣ ನರದ ತುದಿಗಳು ಕಡಿಯುತ್ತವೆ, ಅವು ಬೆಳೆದು ಬರಲು ತಿಂಗಳುಗಳೇ ಬೇಕು. ಆ ಜಾಗ ಜುಮ್ಮೆನ್ನುತ್ತಿದ್ದರೆ ಅಥವಾ ತುರಿಸುತ್ತಿದ್ದರೆ ಅದು ಹೆಚ್ಚಾಗಿ ಒಳ್ಳೆಯ ಲಕ್ಷಣ. ಆದರೆ ಕಿವಿಗೆ ಸ್ಪರ್ಶ ಕೊಡುವ ದೊಡ್ಡ ನರ ಹಾಲೆಯ ಕೆಳಗೇ ಹಾದುಹೋಗುತ್ತದೆ. ಫೇಸ್‌ಲಿಫ್ಟ್‌ನಲ್ಲಿ ಅತಿ ಹೆಚ್ಚು ಪೆಟ್ಟು ತಿನ್ನುವ ನರ ಅದೇ. ಹಾಗಾಗಿ ಒಮ್ಮೆ ತಜ್ಞರಿಂದ ಪರೀಕ್ಷೆ ಮಾಡಿಸಿಕೊಳ್ಳಿ. ತುಟಿಯ ಒಂದು ಮೂಲೆ ಕೆಳಕ್ಕೆ ಇಳಿಯದಿದ್ದರೆ, ಹುಬ್ಬು ಎತ್ತಲು ಆಗದಿದ್ದರೆ ಮಾತ್ರ ತಡ ಮಾಡಬೇಡಿ. ಅದು ಮುಖದ ಚಲನೆಯ ನರದ ವಿಷಯ, ಬೇಗ ನೋಡಿಸಬೇಕು.

ಈಗ ಮಾಡಬೇಕಾದ ಮೊದಲ ಕೆಲಸ, ಆಪರೇಷನ್‌ನ ದಾಖಲೆ ಕೇಳಿ ಪಡೆಯುವುದು. ಯಾವ ಪದರ ಬಿಡಿಸಿದರು, ಹೊಲಿಗೆ ಎಲ್ಲಿ ಹಾಕಿದರು, ಯಾವ ದಾರ ಬಳಸಿದರು, ಎಲ್ಲ ಅದರಲ್ಲಿರಬೇಕು. ಅದು ನಿಮ್ಮ ಹಕ್ಕು, ಬೇಡುವ ವಿಷಯವಲ್ಲ. ಅದನ್ನು ಹಿಡಿದುಕೊಂಡು, ಪೂರ್ತಿ ಫೇಸ್‌ಲಿಫ್ಟ್ ಮಾಡುವ ಪ್ಲಾಸ್ಟಿಕ್ ಸರ್ಜನ್ ಒಬ್ಬರನ್ನು ನೋಡಿ. ಅವರು ಆ ಕ್ಲಿನಿಕ್‌ಗೆ ಸಂಬಂಧವಿಲ್ಲದವರಾಗಿರಲಿ. ರಿಪೇರಿಗೆ ಸಾಮಾನ್ಯವಾಗಿ 6ರಿಂದ 12 ತಿಂಗಳು ಕಾಯುತ್ತೇವೆ. ಗಾಯದ ಗುರುತು ಮಾಗಲು ಹತ್ತಿರ ಹತ್ತಿರ ಒಂದು ವರ್ಷ ಹಿಡಿಯುತ್ತದೆ. ಅಲ್ಲಿಯವರೆಗೆ ಗುರುತಿನ ಮೇಲೆ ಬಿಸಿಲು ಬೀಳದಂತೆ ನೋಡಿಕೊಳ್ಳಿ, ಸಿಲಿಕೋನ್ ಜೆಲ್ ಹಚ್ಚಿ. ಸಿಗರೇಟು ಸೇದುವ ಅಭ್ಯಾಸವಿದ್ದರೆ ಈಗಲೇ ಬಿಡಿ. ಎತ್ತಿದ ಚರ್ಮಕ್ಕೆ ರಕ್ತ ಹೋಗುವ ಸಣ್ಣ ನಾಳಗಳನ್ನು ಅದು ಹಿಂಡಿಬಿಡುತ್ತದೆ, ಎರಡನೇ ಆಪರೇಷನ್‌ನಲ್ಲಿ ಅಪಾಯ ಇನ್ನೂ ಜಾಸ್ತಿ.

ಕೊನೆಗೆ ಒಂದು ಮಾತು. ಮನೆಯಲ್ಲಿ ಒಬ್ಬರಿಗಾದರೂ ಹೇಳಿ. ಕನ್ನಡಿ ನೋಡಿದಾಗಲೆಲ್ಲ ಅಳು ಬರುತ್ತಿದ್ದರೆ, ನಿದ್ದೆ ಬಾರದಿದ್ದರೆ ಆಪ್ತಸಮಾಲೋಚಕರ ಹತ್ತಿರವೂ ಹೋಗಿ. ಆಪರೇಷನ್ ಆದ ಮೇಲಿನ ತಿಂಗಳುಗಳಲ್ಲಿ ಮನಸ್ಸು ಕುಗ್ಗುವುದನ್ನು ನಾವು ಆಗಾಗ ನೋಡುತ್ತೇವೆ. ಅದನ್ನು ಒಬ್ಬರೇ ಹೊರಬೇಕಾಗಿಲ್ಲ.

ಪ್ರಶ್ನೆ: ನನಗೆ 46. ಕತ್ತರಿ ಅಂದರೆ ಭಯ. ಥ್ರೆಡ್, ಅಲ್ಟ್ರಾಸೌಂಡ್, ಫಿಲ್ಲರ್, ಬೊಟಾಕ್ಸ್ ಇವೆಲ್ಲ ‘ಆಪರೇಷನ್ ಇಲ್ಲದ ಫೇಸ್‌ಲಿಫ್ಟ್’ ಅನ್ನುತ್ತಾರೆ. ಯಾವುದು ನಿಜವಾಗಿ ಕೆಲಸ ಮಾಡುತ್ತದೆ?

ಉತ್ತರ: ನಾಲ್ಕೂ ಕೆಲಸ ಮಾಡುತ್ತವೆ. ಆದರೆ ಯಾವುದೂ ಫೇಸ್‌ಲಿಫ್ಟ್‌ನ ಕೆಲಸ ಮಾಡುವುದಿಲ್ಲ. ಹೆಸರಿನಿಂದಲೇ ಜನ ಮೋಸ ಹೋಗುವುದು.

ಬೊಟಾಕ್ಸ್ ಸ್ನಾಯುವನ್ನು ಕೆಲ ಕಾಲ ಸುಮ್ಮನಾಗಿಸುತ್ತದೆ. ಹುಬ್ಬು ಗಂಟಿಕ್ಕಿದಾಗ, ನಕ್ಕಾಗ ಮೂಡುವ ಗೆರೆಗೆ ಒಳ್ಳೆಯದು. 3ರಿಂದ 4 ತಿಂಗಳು ಇರುತ್ತದೆ. ಜೋತ ಚರ್ಮವನ್ನು ಎತ್ತುವ ಶಕ್ತಿ ಅದಕ್ಕಿಲ್ಲ. ಫಿಲ್ಲರ್ ಖಾಲಿಯಾದ ಜಾಗ ತುಂಬುತ್ತದೆ. ಬತ್ತಿದ ಕೆನ್ನೆಗೆ ಅದು ಚೆನ್ನ. ಆದರೆ ಜೋತ ಮುಖವನ್ನು ತುಂಬಿಯೇ ಎತ್ತುತ್ತೇನೆ ಅಂತ ಹೊರಟರೆ ಮುಖ ಊದಿಕೊಂಡಂತೆ ಆಗುತ್ತದೆ, ಗುರುತೇ ತಪ್ಪುತ್ತದೆ. ಹೈಲುರಾನಿಕ್ ಆ್ಯಸಿಡ್‌ನ ಫಿಲ್ಲರ್ ಆದರೆ ಇಷ್ಟವಾಗದಿದ್ದಾಗ ಹೈಲುರಾನಿಡೇಸ್ ಅನ್ನುವ ಕಿಣ್ವ ಚುಚ್ಚಿ ಕರಗಿಸಬಹುದು. ಬೇರೆ ಬಗೆಯವಕ್ಕೆ ಆ ಅನುಕೂಲವಿಲ್ಲ, ಅದಕ್ಕೇ ಏನು ಹಾಕುತ್ತಾರೆ ಅಂತ ಮೊದಲೇ ಕೇಳಿಕೊಳ್ಳಿ. ಫಿಲ್ಲರ್ ರಕ್ತನಾಳದೊಳಗೆ ಹೋದರೆ ಚರ್ಮ ಸಾಯಬಹುದು. ಅಪರೂಪಕ್ಕೆ ಕಣ್ಣೇ ಹೋಗಬಹುದು. ಚುಚ್ಚಿದ ಮೇಲೆ ತೀವ್ರ ನೋವು, ಚರ್ಮ ಬಿಳುಚುವುದು, ದೃಷ್ಟಿ ಮಂಜಾಗುವುದು, ಇದರಲ್ಲಿ ಯಾವುದು ಕಂಡರೂ ಅದು ತುರ್ತು. ‘ನಾಳೆ ನೋಡೋಣ’ ಅನ್ನುವ ಮಾತೇ ಇಲ್ಲ.

ಥ್ರೆಡ್ ಬಗ್ಗೆ ಜಾಸ್ತಿ ದೂರು ಬರುತ್ತವೆ. ಮುಳ್ಳುಮುಳ್ಳಾದ ದಾರವನ್ನು ಚರ್ಮದ ಕೆಳಗೆ ತೂರಿಸಿ ಎಳೆಯುತ್ತಾರೆ. ಈಗ ಹೆಚ್ಚಾಗಿ ಬಳಸುವುದು ಪಿಡಿಒ (ಪಾಲಿಡಯಾಕ್ಸನೋನ್) ಅನ್ನುವ ದಾರ, ಅದು ಕೆಲವು ತಿಂಗಳಲ್ಲಿ ಕರಗುತ್ತದೆ. ದಾರ ಕರಗಿದ ಮೇಲೂ ಹೊಸ ಕೊಲ್ಯಾಜನ್, ಅಂದರೆ ಚರ್ಮಕ್ಕೆ ಬಲ ಕೊಡುವ ನಾರು, ಮುಖವನ್ನು ಹಿಡಿದಿಡುತ್ತದೆ ಅನ್ನುತ್ತಾರೆ. ಸ್ವಲ್ಪ ಕೊಲ್ಯಾಜನ್ ಬರುವುದು ನಿಜ. ಇಳಿದ ದವಡೆಯನ್ನು ವರ್ಷಗಟ್ಟಲೆ ಎತ್ತಿ ಹಿಡಿಯುವಷ್ಟು ಬರುವುದನ್ನು ನಾನು ಕಂಡಿಲ್ಲ. ಕರಗದ ದಾರಗಳನ್ನೂ ಹಿಂದೆ ಬಳಸಿ ನೋಡಿದ್ದಾರೆ. ಅಮೆರಿಕದಲ್ಲಿ 2004ರಲ್ಲಿ ಅಂಥದ್ದೊಂದಕ್ಕೆ ಅನುಮತಿ ಸಿಕ್ಕಿತ್ತು, ಕೆಲವೇ ವರ್ಷಗಳಲ್ಲಿ ಅದು ಮಾರುಕಟ್ಟೆಯಿಂದ ಮರೆಯಾಯಿತು.

ಅಲ್ಟ್ರಾಸೌಂಡ್ ಯಂತ್ರ ಚರ್ಮದ ಕೆಳಗೆ 4.5 ಮಿಲಿಮೀಟರ್‌ವರೆಗೆ ಚುಕ್ಕಿ ಚುಕ್ಕಿಯಾಗಿ ಬಿಸಿ ಮಾಡುತ್ತದೆ. ಫಲ ಕಾಣಲು 2–3 ತಿಂಗಳು ಕಾಯಬೇಕು. ಸಡಿಲ ಸ್ವಲ್ಪವೇ ಇದ್ದರೆ ಸ್ವಲ್ಪ ಬಿಗಿಯಾಗುತ್ತದೆ, ಅಷ್ಟೇ. ತೆಳ್ಳಗಿನ ಮುಖದವರು ಮತ್ತೆ ಮತ್ತೆ ಮಾಡಿಸಿದರೆ ಇರುವ ಕೊಬ್ಬೂ ಕರಗಿ ಕೆನ್ನೆ ಬತ್ತಬಹುದು.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಅಂಗಾತ ಮಲಗಿ ಕೈಯಲ್ಲಿ ಕನ್ನಡಿ ಹಿಡಿದು ನೋಡಿ. ಆಮೇಲೆ ಎದ್ದು ಕುಳಿತು ನೋಡಿ. ಮಲಗಿದಾಗ ಕಂಡ ಮುಖ ತುಂಬಾ ಬೇರೆಯಾಗಿದ್ದರೆ ನಿಮ್ಮದು ಜೋಲುವ ಸಮಸ್ಯೆ, ಅದಕ್ಕೆ ಚುಚ್ಚುಮದ್ದು ಸಾಲದು. ಎರಡೂ ಹೆಚ್ಚುಕಡಿಮೆ ಒಂದೇ ಆಗಿದ್ದು, ಬಣ್ಣ ಮತ್ತು ಸಣ್ಣ ಸುಕ್ಕಿನ ಬಗ್ಗೆ ಬೇಸರವಿದ್ದರೆ ನಿಮಗೆ ಸರ್ಜನ್ ಬೇಡ, ಚರ್ಮದ ಡಾಕ್ಟರ್ ಸಾಕು. ಸನ್‌ಸ್ಕ್ರೀನ್ ಮತ್ತು ಟ್ರೆಟಿನಾಯಿನ್ ಕ್ರೀಮ್‌ನಿಂದ ಶುರು ಮಾಡಬಹುದು. ಬಸುರಿಯರು ಮಾತ್ರ ಟ್ರೆಟಿನಾಯಿನ್ ಹಚ್ಚಬಾರದು.

ಪ್ರಶ್ನೆ: ಜಾಹೀರಾತಿನ ‘ಮೊದಲು–ನಂತರ’ ಫೋಟೋ, ಜನರ ಮೆಚ್ಚುಗೆಯ ಮಾತು ಇವನ್ನು ಎಷ್ಟು ನಂಬಬಹುದು?

ಉತ್ತರ: ಮೆಚ್ಚುಗೆಯ ಮಾತಿನ ಬಗ್ಗೆ ಒಂದು ನಡೆದ ಸಂಗತಿ ಹೇಳುತ್ತೇನೆ. ಅಮೆರಿಕದಲ್ಲಿ ಲೈಫ್‌ಸ್ಟೈಲ್ ಲಿಫ್ಟ್ ಅನ್ನುವ ಕಂಪನಿ ಇತ್ತು. ಬೇಗ ಮುಗಿಯುವ ಫೇಸ್‌ಲಿಫ್ಟ್ ಅದರ ವ್ಯಾಪಾರ. ಅದರ ನೌಕರರೇ ಖುಷಿಯಾದ ಗ್ರಾಹಕರಂತೆ ಇಂಟರ್‌ನೆಟ್‌ನಲ್ಲಿ ಹೊಗಳಿ ಬರೆದಿದ್ದರು. 2009ರಲ್ಲಿ ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ ಕಚೇರಿ ಇದನ್ನು ಹಿಡಿಯಿತು, ಕಂಪನಿ 3 ಲಕ್ಷ ಡಾಲರ್ ಕಟ್ಟಬೇಕಾಯಿತು. 2015ರಲ್ಲಿ ಅದು ಬಾಗಿಲು ಹಾಕಿತು. ಅಷ್ಟರೊಳಗೆ ಆ ಮಾತುಗಳನ್ನು ನಂಬಿ ಹೋದವರನ್ನು ನೆನೆದರೆ ಸಂಕಟವಾಗುತ್ತದೆ.

ಫೋಟೋ ನೋಡುವಾಗ ಗದ್ದ ಎಲ್ಲಿದೆ ಗಮನಿಸಿ. ಎರಡನೇ ಚಿತ್ರದಲ್ಲಿ ಗದ್ದ ಸ್ವಲ್ಪ ಮೇಲೆತ್ತಿ ಮುಂದೆ ಚಾಚಿದ್ದರೆ ಕೊರಳು ತಾನಾಗಿಯೇ ಬಿಗಿಯಾಗುತ್ತದೆ. ಬೆಳಕು ಮೇಲಿನಿಂದ ಬಿದ್ದರೆ ಸುಕ್ಕು ಎದ್ದು ಕಾಣುತ್ತದೆ, ಎದುರಿನಿಂದ ಬಿದ್ದರೆ ಮಾಯವಾಗುತ್ತದೆ. ಮೊದಲನೆಯದರಲ್ಲಿ ಸಪ್ಪೆ ಮುಖ, ಎರಡನೆಯದರಲ್ಲಿ ನಗು ಇದ್ದರೆ ಹೋಲಿಕೆಯೇ ಸರಿಯಲ್ಲ. ಫೋಟೋ ಯಾವಾಗಿನದು ಅಂತ ಕೇಳಿ. ಆರು ವಾರದ್ದಾದರೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಒಂದು ವರ್ಷ ಕಳೆದ ಮೇಲಿನದನ್ನು ತೋರಿಸಲು ಹೇಳಿ. ಕೂದಲು ಹಿಂದಕ್ಕೆ ಕಟ್ಟಿರಬೇಕು, ಕಿವಿ ಪೂರ್ತಿ ಕಾಣಬೇಕು, ಪಕ್ಕದಿಂದ ತೆಗೆದ ಚಿತ್ರವೂ ಇರಬೇಕು. ಹಾಲೆಯ ಆಕಾರ, ಗಾಯದ ಗೆರೆ, ಕೊರಳು, ಮೂರೂ ಅದರಲ್ಲಿ ಕಾಣುತ್ತವೆ. ಚೆನ್ನಾಗಿ ಕೆಲಸ ಮಾಡುವ ಸರ್ಜನ್ ಬಳಿ, ರೋಗಿಗಳ ಒಪ್ಪಿಗೆ ಪಡೆದ ಅಂಥ ಚಿತ್ರಗಳು ಇದ್ದೇ ಇರುತ್ತವೆ, ಕೇಳಿದರೆ ಅವರು ಬೇಸರಪಟ್ಟುಕೊಳ್ಳುವುದಿಲ್ಲ.